ಕರೆದರೆ ಬಾರದ ನಾಯಿ: ಮುಧೋಳ ತಳಿಗೆ ಪಾಠ ಹೇಳುವ ಬಗೆ



ಸಾಕುಪ್ರಾಣಿಗಳ ಕುರಿತು ಸಂವಾದ ಪ್ರಸಾರವಾದಾಗಲೆಲ್ಲ ನಮಗೆ ಪತ್ರಗಳು ಬರುತ್ತವೆ. ಈ ಸಲ ಬಂದವುಗಳಲ್ಲಿ ಒಂದು ಯಲಹಂಕದ ಪಿ.ಯು. ವಿದ್ಯಾರ್ಥಿಯದು. ಅವನ ಮನೆಯಲ್ಲಿ ಎಂಟು ತಿಂಗಳ ಮುಧೋಳ ನಾಯಿ ಇದೆ. ಮನೆಯೊಳಗೆ ಬಲು ಸಾಧು. ಆದರೆ ಗೇಟು ತೆರೆದರೆ ಸಾಕು, ಎದುರಿಗೆ ಬೆಕ್ಕೋ ಅಳಿಲೋ ಕಂಡರೆ ಬಾಣದಂತೆ ಹೊರಟುಬಿಡುತ್ತದೆ. ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. “ಇದು ಹೇಳಿದ ಮಾತು ಕೇಳುವ ಜಾತಿಯಲ್ಲವಂತೆ. ಬರುವ ತಿಂಗಳು ಊರಿಗೆ ಹೋದಾಗ ಅಲ್ಲೇ ಬಿಟ್ಟುಬರೋಣ ಎನ್ನುತ್ತಿದ್ದಾರೆ ಅಪ್ಪ. ಇದಕ್ಕೆ ನಿಜವಾಗಿಯೂ ಪಾಠ ಹತ್ತುವುದಿಲ್ಲವೇ?” ಎಂದು ಕೇಳಿದ್ದಾನೆ.

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ಉತ್ತರ ಹೇಳಲು ಸಮಯ ಸಾಲಲಿಲ್ಲ. ಇಂಥದೇ ನಾಯಿಯನ್ನು ಸಾಕಿರುವವರಿಗೂ ಸಾಕಬೇಕೆಂದು ಮನೆಯವರನ್ನು ಕಾಡುತ್ತಿರುವವರಿಗೂ ಉಪಯೋಗವಾದೀತೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪಾಠ ಹತ್ತುತ್ತದೆ. ಆದರೆ ಪಾಠ ಹೇಳುವವರು ಮೊದಲು ಆ ನಾಯಿಯ ಕಣ್ಣಿನಿಂದ ಲೋಕವನ್ನು ನೋಡಲು ಕಲಿಯಬೇಕು.

ಇದು ಯಾವ ನಾಯಿ?

ಕವಿಚಕ್ರವರ್ತಿ ರನ್ನನ ಊರೆಂದು ನೀವು ಓದಿರುವ ಮುಧೋಳ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಸ್ವಾತಂತ್ರ್ಯಕ್ಕೆ ಮೊದಲು ಅದು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಸುತ್ತಲಿನ ಬೇಟೆಗಾರರ ಬಳಿ ಇದ್ದ ಈ ನಾಯಿಗಳನ್ನು ಗಮನಿಸಿ, ಆರಿಸಿ ಬೆಳೆಸಿದ ಹೆಗ್ಗಳಿಕೆ ರಾಜಾ ಮಾಲೋಜಿರಾವ್ ಘೋರ್ಪಡೆಯವರದು. ಪರ್ಷಿಯಾ, ಅರಬ್ ದೇಶಗಳ ಕಡೆಯಿಂದ ದಖ್ಖನಿಗೆ ಬಂದವರ ಜೊತೆಯಲ್ಲಿ ಬಂದ ನಾಯಿಗಳ ವಂಶ ಇದು ಎಂಬುದು ಸಾಮಾನ್ಯ ಅಭಿಪ್ರಾಯ. ಕಾರವಾನ್ ಹೌಂಡ್ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ನೀಳವಾದ ಕಾಲು. ಭುಜದ ಬಳಿ ಸುಮಾರು 70 ಸೆಂ.ಮೀ. ಎತ್ತರ. ನೋಡಿದವರು “ಪಾಪ, ಊಟ ಹಾಕುವುದಿಲ್ಲವೇ?” ಎಂದು ಕೇಳುವಷ್ಟು ತೆಳುವಾದ ಮೈ. ಓಡುವುದಕ್ಕೆಂದೇ ರೂಪುಗೊಂಡ ದೇಹವದು.

ಭಾರತೀಯ ಅಂಚೆ ಇಲಾಖೆ 2005ರಲ್ಲಿ ನಾಲ್ಕು ದೇಶೀ ನಾಯಿತಳಿಗಳ ಅಂಚೆಚೀಟಿ ಹೊರತಂದಾಗ ಮುಧೋಳವೂ ಅವುಗಳಲ್ಲಿ ಒಂದಾಗಿತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. ಯಲಹಂಕ, ಆರ್.ಟಿ. ನಗರ, ಯಶವಂತಪುರದ ಜನ ನಾಯಿಗೆ ಕಾಯಿಲೆಯಾದಾಗ ಹೋಗುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೂಡ ಇದೇ ವಿಶ್ವವಿದ್ಯಾಲಯದ್ದು. ಹಾಗಾಗಿ ಮುಧೋಳ ನಾಯಿ ನಮ್ಮ ಉತ್ತರ ಬೆಂಗಳೂರಿಗೆ ತೀರ ಅಪರಿಚಿತವೇನಲ್ಲ.

ಕಣ್ಣೇ ಮುಂದಾಳು

ಬೇಟೆಯ ನಾಯಿಗಳಲ್ಲಿ ಎರಡು ಬಗೆ. ಮೂಗಿನಿಂದ ಜಾಡು ಹಿಡಿದು ಹೋಗುವವು ಒಂದು ಬಗೆ. ಕಣ್ಣಿನಿಂದ ಕಂಡು ಬೆನ್ನಟ್ಟುವವು ಇನ್ನೊಂದು ಬಗೆ. ಮುಧೋಳ ಎರಡನೆಯ ಬಗೆಗೆ ಸೇರಿದ್ದು.

ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದಿಂದ ಮಿದುಳಿಗೆ ಸುದ್ದಿ ಒಯ್ಯುವ ನರಕೋಶಗಳು ನಮ್ಮಲ್ಲಿ ನಡುವಿನ ಭಾಗದಲ್ಲಿ ಹೆಚ್ಚು ದಟ್ಟವಾಗಿವೆ. ಉದ್ದ ಮೂತಿಯ ನಾಯಿಗಳಲ್ಲಿ ಅವು ಅಡ್ಡಲಾಗಿ, ಒಂದು ಪಟ್ಟಿಯ ಹಾಗೆ ಹರಡಿರುತ್ತವೆ. ಮೂತಿ ಉದ್ದವಾದಷ್ಟೂ ಈ ಪಟ್ಟಿ ಸ್ಪಷ್ಟ ಎಂಬುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಇದರ ಅರ್ಥವೇನು? ಕತ್ತು ತಿರುಗಿಸದೆಯೇ ಬಯಲಿನ ಅಂಚಿನುದ್ದಕ್ಕೂ ಕಣ್ಗಾವಲಿಡುವ ಸೌಲಭ್ಯ ಅದಕ್ಕಿದೆ. ನಮ್ಮ ನೋಟದ ಹರವು ಸುಮಾರು 180 ಡಿಗ್ರಿಯಾದರೆ ನಾಯಿಯದು ಸುಮಾರು 240 ಡಿಗ್ರಿ. ಅಲುಗದೆ ಕೂತ ವಸ್ತುವನ್ನು ಅದು ನಮ್ಮಷ್ಟು ಚೆನ್ನಾಗಿ ಗುರುತಿಸಲಾರದು. ಅಲುಗುವುದನ್ನು ಥಟ್ಟನೆ ಹಿಡಿಯುತ್ತದೆ.

ಇನ್ನೊಂದು ವಿಷಯ ಬಣ್ಣದ್ದು. ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದರೆ ನಾಯಿಯ ಕಣ್ಣಿನಲ್ಲಿ ಎರಡೇ. ನೀಲಿ, ಹಳದಿ ಅದಕ್ಕೆ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪು, ಹಸಿರು ಹೆಚ್ಚುಕಡಿಮೆ ಒಂದೇ. ಹಸಿರು ಹುಲ್ಲಿನ ಮೇಲೆ ಕೆಂಪು ಚೆಂಡನ್ನು ಎಸೆದು, ಅದು ನಿಂತ ಮೇಲೆ “ತಾ” ಎಂದರೆ ನಾಯಿ ಸುಮ್ಮನೆ ನಿಲ್ಲುತ್ತದೆ. ನೀವು ಅದನ್ನು ದಡ್ಡ ಎನ್ನುತ್ತೀರಿ. ಅದೇ ಚೆಂಡು ನೀಲಿಯದಾಗಿದ್ದರೆ ಕತೆ ಬೇರೆ.

ಈಗ ಪತ್ರ ಬರೆದ ಹುಡುಗನ ಪ್ರಶ್ನೆಗೆ ಬನ್ನಿ. ಗೇಟಿನಾಚೆ ಅಳಿಲು ಓಡಿದಾಗ ಅವನ ನಾಯಿ ಅವನ ಮಾತನ್ನು ತಿರಸ್ಕರಿಸಿ ಓಡಿದ್ದಲ್ಲ. ತಲೆಮಾರುಗಳಿಂದ ಜನ ಯಾವ ಗುಣಕ್ಕಾಗಿ ಅದರ ತಾಯಿ ತಂದೆಯರನ್ನು ಆರಿಸುತ್ತ ಬಂದರೋ ಆ ಗುಣ ಎಚ್ಚೆತ್ತಿತು. ಬೇಟೆಗಾರನ ಅಪ್ಪಣೆಗೆ ಕಾಯುತ್ತ ನಿಂತ ನಾಯಿಗೆ ಮೊಲ ಸಿಗುವುದಿಲ್ಲ. ಕಂಡೊಡನೆ ತಾನೇ ತೀರ್ಮಾನಿಸಿ ಓಡಿದ್ದಕ್ಕೆ ಸಿಗುತ್ತದೆ. ಬಾಗಲಕೋಟೆಯ ಎರೆ ಹೊಲಗಳಲ್ಲಿ ಮೆಚ್ಚುಗೆ ಗಳಿಸಿದ ಗುಣವೇ ಬಳ್ಳಾರಿ ರಸ್ತೆಯ ಬದಿಯಲ್ಲಿ ಅಪಾಯವಾಗುತ್ತದೆ.

ನಾನು ಮಾಡಿದ ತಪ್ಪು

ಬಿ.ಎಸ್ಸಿ. ಓದುತ್ತಿದ್ದಾಗ ಆರ್.ಟಿ. ನಗರದ ನಮ್ಮ ಮನೆಗೆ ಸೋದರಮಾವ ಒಂದು ಮುಧೋಳ ಮರಿ ತಂದುಕೊಟ್ಟರು. ಮಿಂಚು ಎಂದು ಹೆಸರಿಟ್ಟೆವು. ಒಂದು ದಿನ ಅದು ಬೆಕ್ಕಿನ ಹಿಂದೆ ಬಿದ್ದು ಮಾಯವಾಯಿತು. ಒಂದು ಗಂಟೆ ಬೀದಿ ಬೀದಿ ಅಲೆದೆ. ಕೊನೆಗೆ ನನ್ನ ಕೂಗಿಗೆ ಓಗೊಟ್ಟು, ಬಾಲ ಅಲ್ಲಾಡಿಸುತ್ತ ತಾನಾಗಿಯೇ ಬಂತು. ನಾನು ಅದನ್ನು ಹಿಡಿದು, ಸುರುಳಿ ಸುತ್ತಿದ ದಿನಪತ್ರಿಕೆಯಿಂದ ನಾಲ್ಕು ಬಾರಿಸಿದೆ. ಓಡಿಹೋದದ್ದಕ್ಕೆ ಶಿಕ್ಷೆ ಕೊಟ್ಟೆ ಎಂದೇ ನನ್ನ ತಿಳಿವಳಿಕೆ.

ಮತ್ತೊಮ್ಮೆ ತಪ್ಪಿಸಿಕೊಂಡಾಗಲೂ ಅದು ಬಂತು. ಆದರೆ ಹತ್ತು ಮಾರು ದೂರದಲ್ಲಿ ನಿಂತುಬಿಟ್ಟಿತು. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅದು ಒಂದು ಹೆಜ್ಜೆ ಹಿಂದೆ. ಅಮ್ಮ ಬಂದು ಕರೆದಾಗ ಮಾತ್ರ ನೇರವಾಗಿ ಅವರ ಸೆರಗಿನ ಬಳಿ ಹೋಗಿ ನಿಂತಿತು. ಅಮ್ಮ ಅದಕ್ಕೆ ಎಂದೂ ಹೊಡೆದವರಲ್ಲ.

ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನೋವಿಜ್ಞಾನಿ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾಡಿದ ಪ್ರಯೋಗಗಳ ಬಗ್ಗೆ ನಿಮ್ಮಲ್ಲಿ ಕೆಲವರು ಓದಿರಬಹುದು. ಯಾವ ವರ್ತನೆಯ ಬೆನ್ನಿಗೇ ಸುಖ ಬರುತ್ತದೋ ಅದು ಬಲಗೊಳ್ಳುತ್ತದೆ. ಯಾವುದರ ಬೆನ್ನಿಗೆ ದುಃಖ ಬರುತ್ತದೋ ಅದು ಸಡಿಲವಾಗುತ್ತದೆ ಎಂಬ ಅವನ ‘ಪರಿಣಾಮ ನಿಯಮ’ ಆಗ ನನಗೆ ಬಾಯಿಪಾಠವಾಗಿತ್ತು. ಮನೆಯ ಅಂಗಳದಲ್ಲಿ ಮಾತ್ರ ಮರೆತಿದ್ದೆ. ನಾನು ಹೊಡೆದದ್ದು ನಾಯಿ ಓಡಿದ ಕ್ಷಣದಲ್ಲಲ್ಲ, ಹಿಂತಿರುಗಿ ಬಂದ ಕ್ಷಣದಲ್ಲಿ. ಒಂದು ಗಂಟೆ ಹಿಂದಿನ ಓಟಕ್ಕೂ ಈ ಏಟಿಗೂ ಸಂಬಂಧ ಕಲ್ಪಿಸುವುದು ನಾಯಿಗೆ ಆಗದ ಮಾತು. ‘ಇವನ ಬಳಿಗೆ ಹೋದರೆ ಏಟು ಬೀಳುತ್ತದೆ’ ಎಂಬ ಪಾಠವನ್ನು ನಾನೇ ಚೆನ್ನಾಗಿ ಕಲಿಸಿದ್ದೆ, ಅದು ಚೆನ್ನಾಗಿಯೇ ಕಲಿತಿತ್ತು. ಆ ಪಾಠ ಮರೆಸಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಈ ವಿಚಾರ ನನ್ನೊಬ್ಬನ ಅನುಭವವಷ್ಟೇ ಅಲ್ಲ. ಪೋರ್ಚುಗಲ್ಲಿನ ಸಂಶೋಧಕರು 92 ಸಾಕುನಾಯಿಗಳನ್ನು ಅಧ್ಯಯನ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಗದರಿಸಿ, ಜಗ್ಗಿ ಪಾಠ ಹೇಳಿದ ನಾಯಿಗಳ ಜೊಲ್ಲಿನಲ್ಲಿ ಪಾಠವಾದ ಮೇಲೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚಿತ್ತು. ತಿಂಡಿ ಕೊಟ್ಟು ಕಲಿಸಿದವುಗಳಲ್ಲಿ ಹಾಗೆ ಏರಿರಲಿಲ್ಲ. ಒಂಟಿ ಬಯಲಲ್ಲಿ ತಾನೇ ತೀರ್ಮಾನ ಮಾಡಲು ಹುಟ್ಟಿದ ಮುಧೋಳದಂಥ ನಾಯಿ ಹೆದರಿದರೆ ವಿಧೇಯವಾಗುವುದಿಲ್ಲ, ದೂರವಾಗುತ್ತದೆ.

ಮರಿ ಬಂದ ಮೊದಲ ವಾರಗಳು

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಒಂದು ಪ್ರಸಿದ್ಧ ಗ್ರಂಥ ಪ್ರಕಟಿಸಿದರು. ಹುಟ್ಟಿದ ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ, ಆಗ ಪರಿಚಯವಾದದ್ದಕ್ಕೆ ಅದು ಮುಂದೆ ಹೆದರುವುದಿಲ್ಲ ಎಂಬುದು ಅದರಿಂದ ತಿಳಿದುಬಂತು. ಮುಧೋಳ ಸ್ವಭಾವತಃ ಹೊಸಬರನ್ನು ಬೇಗ ಹತ್ತಿರ ಸೇರಿಸುವ ನಾಯಿಯಲ್ಲ. ಆದ್ದರಿಂದ ಈ ವಾರಗಳು ಅದಕ್ಕೆ ಇನ್ನೂ ಅಮೂಲ್ಯ.

ಆದರೆ ಇದೇ ವಯಸ್ಸಿನಲ್ಲಿ ಪಾರ್ವೋ ಎಂಬ ವೈರಸ್ ರೋಗದ ಭಯವೂ ಇರುತ್ತದೆ. ಲಸಿಕೆಗಳು 6 ರಿಂದ 8ನೆಯ ವಾರಕ್ಕೆ ಆರಂಭವಾಗಿ ಸುಮಾರು 16ನೆಯ ವಾರದವರೆಗೆ ನಡೆಯುತ್ತವೆ. ರೇಬಿಸ್ ಲಸಿಕೆ ಮೂರು ತಿಂಗಳ ಹೊತ್ತಿಗೆ. ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಹಾಕಿಸುತ್ತಿರಬೇಕು. ಹಾಗಾದರೆ ಅಷ್ಟು ದಿನ ಮರಿಯನ್ನು ಮನೆಯಲ್ಲಿ ಮುಚ್ಚಿಡಬೇಕೇ? ಬೇಡ. ಎತ್ತಿಕೊಂಡು ಹೋಗಿ. ಯಶವಂತಪುರದ ಮಾರುಕಟ್ಟೆಯ ಗದ್ದಲ, ರೈಲಿನ ಸದ್ದು, ಆಟೋ, ಸಮವಸ್ತ್ರದ ಮಕ್ಕಳು, ಹೆಲ್ಮೆಟ್ ಹಾಕಿದವರು, ಕೋಲೂರುವ ತಾತಂದಿರು, ಎಲ್ಲವನ್ನೂ ನಿಮ್ಮ ತೋಳಿನಿಂದಲೇ ನೋಡಲಿ. ಯಲಹಂಕದ ಕಡೆ ವಿಮಾನಗಳ ಸದ್ದು ಕೇಳುವಾಗ ಬಾಯಿಗೊಂದು ಚೂರು ತಿಂಡಿ ಇಡಿ. ಸದ್ದಿಗೂ ತಿಂಡಿಗೂ ನಂಟು ಬೆಳೆಯುತ್ತದೆ. ರಷ್ಯದ ಇವಾನ್ ಪಾವ್ಲೋವ್ ತನ್ನ ನಾಯಿಗಳಲ್ಲಿ ಕಂಡದ್ದೂ ಇಂಥ ನಂಟನ್ನೇ.

‘ಬಾ’ ಎಂಬ ಒಂದು ಮಾತು

ಪಾಠ ಹಲವು ಇರಬಹುದು. ಮುಧೋಳಕ್ಕೆ ಮುಖ್ಯವಾದದ್ದು ಒಂದೇ, ಕರೆದಾಗ ಬರುವುದು. ಹಂತ ಹಂತವಾಗಿ ಹೀಗೆ ಮಾಡಿ.

ಮೊದಲನೆಯದಾಗಿ, ಮನೆಯವರೆಲ್ಲ ಕೂತು ಒಂದು ಪದವನ್ನು ಗೊತ್ತುಮಾಡಿಕೊಳ್ಳಿ. ಅಜ್ಜಿ “ಬಾರೋ” ಎಂದು, ಅಕ್ಕ “ಕಮ್” ಎಂದು, ಪಕ್ಕದ ಮನೆಯವರು “ಇಧರ್ ಆ” ಎಂದು ಕರೆಯುವುದು ನಮ್ಮ ಬೆಂಗಳೂರಿನಲ್ಲಿ ಸಾಮಾನ್ಯ. ನಾಯಿಗೆ ಯಾವ ಭಾಷೆಯಾದರೂ ಸರಿ, ಪದ ಮಾತ್ರ ಒಂದೇ ಇರಬೇಕು.

ಎರಡನೆಯದಾಗಿ, ಹಜಾರದ ಎರಡು ತುದಿಯಲ್ಲಿ ಇಬ್ಬರು ಕುಳಿತು ಸರದಿಯಂತೆ ಕರೆಯಿರಿ. ಬಂದ ಕೂಡಲೇ ತಿಂಡಿ. ‘ಕೂಡಲೇ’ ಎಂದರೆ ಒಂದೆರಡು ಸೆಕೆಂಡಿನೊಳಗೆ. ಡಬ್ಬಿ ಹುಡುಕುತ್ತ ಅಡುಗೆಮನೆಗೆ ಹೋಗುವಂತಿಲ್ಲ. ಬೇಯಿಸಿದ ಮೊಟ್ಟೆ ಅಥವಾ ಕೋಳಿಮಾಂಸ, ಸಸ್ಯಾಹಾರಿಗಳ ಮನೆಯಾದರೆ ಪನೀರ್ ಅಥವಾ ಬೇಯಿಸಿದ ಗೆಣಸು, ಕಡಲೆಕಾಳಿನಷ್ಟು ಸಣ್ಣ ಚೂರು ಸಾಕು. ಚಾಕೊಲೇಟು, ಈರುಳ್ಳಿ, ದ್ರಾಕ್ಷಿ ಕೊಡಲೇಬಾರದು. ಪಾಯಸದಲ್ಲಿನ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ಕೇಡು ಮಾಡಬಲ್ಲದು. ಒಂದು ಪಾಠ ಮೂರು ನಿಮಿಷ. ದಿನಕ್ಕೆ ನಾಲ್ಕೈದು ಸಲ. ನಾಯಿಗೆ ಇನ್ನೂ ಬೇಕೆನ್ನಿಸುವಾಗಲೇ ನಿಲ್ಲಿಸಿ.

ಮೂರನೆಯದಾಗಿ, ಹೊರಗೆ ಹೋಗಿ, ಆದರೆ ಹಗ್ಗದ ಜೊತೆ. ಸುಮಾರು ಹತ್ತು ಮೀಟರ್ ಉದ್ದದ ಹತ್ತಿಯ ಹಗ್ಗ ತೆಗೆದುಕೊಳ್ಳಿ. ಅದನ್ನು ಕೊರಳ ಬೆಲ್ಟಿಗೆ ಕಟ್ಟಬೇಡಿ, ಎದೆಗೆ ಹಾಕುವ ಪಟ್ಟಿಗೆ ಕಟ್ಟಿ. ಓಡಿದ ನಾಯಿ ಹಗ್ಗದ ತುದಿ ತಲುಪಿದಾಗ ಜಗ್ಗುವ ಪೆಟ್ಟು ಕತ್ತಿಗೆ ಬೀಳಬಾರದು. ಅಲ್ಲದೆ ಮುಧೋಳದ ತಲೆ ಕತ್ತಿಗಿಂತ ಅಗಲವೇನಲ್ಲ. ಸಾಧಾರಣ ಬೆಲ್ಟಿನಿಂದ ತಲೆ ನುಣುಚಿಕೊಳ್ಳುವುದು ಅದಕ್ಕೆ ಸುಲಭ. ಬೆಳಗಿನ ಆರು ಗಂಟೆಗೆ, ಗೋಡೆ ಇರುವ ಮೈದಾನ ಒಳ್ಳೆಯದು. ತಾರಸಿ ಬೇಡವೇ ಬೇಡ: ಪಾರಿವಾಳ ಕಂಡರೆ ಅದು ಗೋಡೆಯ ಎತ್ತರವನ್ನು ಲೆಕ್ಕ ಹಾಕುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಬೆಕ್ಕು ಐದು ಮೀಟರ್ ದೂರದಲ್ಲಿದ್ದಾಗ ನಾಯಿಗೆ ನಿಮ್ಮ ಮಾತು ಕೇಳಿಸದು. ಐವತ್ತು ಮೀಟರ್ ದೂರವಿದ್ದಾಗ ಕೇಳಿಸೀತು. ಯಾವ ದೂರದಲ್ಲಿ ಅದು ಬೆಕ್ಕನ್ನು ನೋಡಿಯೂ ನಿಮ್ಮ ಕೈಯ ತಿಂಡಿ ತಿನ್ನುತ್ತದೋ ಅಲ್ಲಿಂದ ಪಾಠ ಶುರುಮಾಡಿ. ಬೆಕ್ಕನ್ನು ನೋಡಿ, ತಾನಾಗಿ ನಿಮ್ಮತ್ತ ತಿರುಗಿದ ಕ್ಷಣದಲ್ಲೇ ತಿಂಡಿ ಕೊಡಿ. ದಿನಕ್ಕಿಷ್ಟು ಎಂದು ಹತ್ತಿರ ಹೋಗಿ. ಎಡವಿದರೆ ಮತ್ತೆ ದೂರ ಸರಿಯಿರಿ, ಗದರಬೇಡಿ.

ಐದನೆಯದಾಗಿ, ಬೆನ್ನಟ್ಟುವ ಗುಣಕ್ಕೆ ಒಂದು ನ್ಯಾಯವಾದ ದಾರಿ ಬಿಡಿ. ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ನೀಲಿ ಅಥವಾ ಹಳದಿ ಬಟ್ಟೆಯ ತುಂಡು ಕಟ್ಟಿ ನೆಲದ ಮೇಲೆ ಎಳೆದಾಡಿ. ಹಿಡಿಯಲು ಬಿಡಿ. “ಬಿಡು” ಎಂದಾಗ ಬಿಟ್ಟರೆ ತಿಂಡಿ, ಜೊತೆಗೆ ಮತ್ತೊಂದು ಸುತ್ತಿನ ಆಟ. ಮೂಳೆ ಬಲಿಯುವ ತನಕ, ಅಂದರೆ ಒಂದು ವರ್ಷದವರೆಗೆ, ಎತ್ತರಕ್ಕೆ ನೆಗೆಸಬೇಡಿ. ಊಟವಾದ ಮೇಲೆ ಒಂದು ಗಂಟೆ ಓಡಿಸಬೇಡಿ.

ಇಷ್ಟು ಮಾಡಿದ ಮೇಲೂ ಒಂದು ಮಾತು ನೆನಪಿರಲಿ. ನೂರಕ್ಕೆ ತೊಂಬತ್ತು ಸಲ ಬರುವ ನಾಯಿ, ಉಳಿದ ಹತ್ತರಲ್ಲಿ ಒಂದು ಸಲ ಹೆಬ್ಬಾಳದ ಮೇಲ್ಸೇತುವೆಯ ಬಳಿ ಇರಬಹುದು. ರಸ್ತೆಯ ಹತ್ತಿರ ಹಗ್ಗ ಬಿಚ್ಚಲೇಬೇಡಿ. ಯಲಹಂಕದ ಪುಟ್ಟೇನಹಳ್ಳಿ ಕೆರೆಯಂಥ ಪಕ್ಷಿಧಾಮಗಳ ಬಳಿಯಂತೂ ಬಿಚ್ಚಲೇಕೂಡದು. ಅಲ್ಲಿಗೆ ಬರುವ ಹಕ್ಕಿಗಳು ನಿಮ್ಮ ನಾಯಿಯ ಪಾಠಕ್ಕಾಗಿ ಬಂದವಲ್ಲ.

ಕಟ್ಟಿಹಾಕುವುದೂ ಬಿಟ್ಟುಬರುವುದೂ

“ಕಲಿಸುವ ಗೋಜೇ ಬೇಡ, ದಿನವಿಡೀ ಕಟ್ಟಿಹಾಕಿದರಾಯಿತು” ಎನ್ನುವವರಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮನ್ನು ಅವರಿಗೆ ಓದಿ ಹೇಳಿ. ಪ್ರಾಣಿಯನ್ನು ಮಿತಿಮೀರಿದ ಹೊತ್ತು ತೀರ ಚಿಕ್ಕ ಅಥವಾ ತೀರ ಭಾರದ ಸರಪಳಿಯಲ್ಲಿ ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದೂ ಅಪರಾಧ. ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದೂ ಅಪರಾಧವೇ.

ಊರಿಗೆ ಬಿಟ್ಟುಬರುವುದೆಂದರೆ ಕೊನೆಗೆ ಅದೇ. ಊರಿನಲ್ಲಿ ಬಯಲಿದೆ, ನಾಯಿ ಸುಖವಾಗಿರುತ್ತದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಅಲ್ಲಿನ ಬೀದಿನಾಯಿಗಳ ಗುಂಪಿಗೆ ಅದು ಹೊರಗಿನದು. ಅಲ್ಲಿನ ಕುರಿ, ಕೋಳಿಗಳ ಒಡೆಯರಿಗೆ ಅದು ಕಳ್ಳ. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿದ್ದ ಮನೆಯ ನಾಯಿಗೆ ಅನ್ನ ಹುಡುಕುವುದು ತಿಳಿಯದು. ಸಾಕಲು ನಿಜವಾಗಿಯೂ ಸಾಧ್ಯವಿಲ್ಲವೆಂದಾದರೆ, ಮರಿ ಕೊಟ್ಟವರಿಗೆ ಮರಳಿಸಿ ಅಥವಾ ಜವಾಬ್ದಾರಿಯ ಮನೆಯೊಂದನ್ನು ಹುಡುಕಿ. ಇನ್ನೂ ಮರಿ ತಂದಿಲ್ಲದವರು ಮೊದಲೇ ಕೇಳಿಕೊಳ್ಳಿ: ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಹತ್ತು ಹನ್ನೆರಡು ವರ್ಷಗಳ ಕಾಲ ನನ್ನ ಬಳಿ ಇದೆಯೇ? ನನ್ನ ಪರೀಕ್ಷೆಯ ತಿಂಗಳಲ್ಲಿ ಮನೆಯಲ್ಲಿ ಬೇರೆ ಯಾರು ಓಡಾಡಿಸುತ್ತಾರೆ?

ರಿಯಾ ಕೊಟ್ಟ ಉತ್ತರ

‘ಬೇಟೆಯ ನಾಯಿ, ಓಡುವುದೊಂದು ಬಿಟ್ಟು ಬೇರೇನೂ ಬಾರದು’ ಎಂಬ ಮಾತು ಮುಧೋಳದ ಬಗ್ಗೆ ಬಹುಕಾಲ ಇತ್ತು. 2016ರ ಹೊತ್ತಿಗೆ ಮೀರತ್ತಿನ ಸೇನಾ ಕೇಂದ್ರ ಮುಧೋಳ ಮರಿಗಳನ್ನು ಪಡೆದು ತರಬೇತಿ ನೀಡಿತು. 2024ರಲ್ಲಿ ಲಖನೌದಲ್ಲಿ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟ ನಡೆಯಿತು. ಅದರಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ವಿದೇಶಿ ತಳಿಗಳನ್ನೆಲ್ಲ ಹಿಂದಿಕ್ಕಿ ಮೊದಲ ಬಹುಮಾನ ಪಡೆಯಿತು. ಅದು ಗೆದ್ದದ್ದು ಓಟದಲ್ಲಿ ಅಲ್ಲ, ಜಾಡು ಹಿಡಿಯುವ ವಿಭಾಗದಲ್ಲಿ. ಕಣ್ಣಿನ ನಾಯಿ ಎಂದು ಹೆಸರಾದದ್ದು ಮೂಗಿನ ಕೆಲಸದಲ್ಲಿ ಗೆದ್ದಿತು! ತಾಳ್ಮೆಯಿಂದ ಕಲಿಸುವವರು ಸಿಕ್ಕರೆ ಹುಟ್ಟುಗುಣವೇ ಕೊನೆಯ ಮಾತಲ್ಲ.

ಪತ್ರ ಬರೆದ ಗೆಳೆಯನಿಗೂ ನಿಮಗೂ ಈಗ ಒಂದು ಪ್ರಯೋಗ ಹೇಳುತ್ತೇನೆ. ಒಂದು ನೋಟ್‌ಬುಕ್ ತೆಗೆದುಕೊಂಡು ಐದು ಗೆರೆ ಎಳೆಯಿರಿ: ದಿನಾಂಕ, ಸ್ಥಳ, ಎಷ್ಟು ದೂರದಿಂದ ಕರೆದಿರಿ, ಎಷ್ಟು ಸಲ ಕರೆದಿರಿ, ಎಷ್ಟು ಸಲ ಬಂತು. ಆರು ವಾರ ಪ್ರಾಮಾಣಿಕವಾಗಿ ತುಂಬಿ. ಬಾರದ ದಿನಗಳನ್ನು ಬಿಟ್ಟು ಬರೆಯಬೇಡಿ. ಅಂದು ಎದುರಿಗೆ ಏನಿತ್ತು, ನಾಯಿಗೆ ನಿದ್ದೆ ಆಗಿತ್ತೇ, ನಿಮ್ಮ ದನಿಯಲ್ಲಿ ಸಿಟ್ಟಿತ್ತೇ ಎಂದೂ ಪಕ್ಕದಲ್ಲಿ ಗುರುತು ಹಾಕಿ. ಆಮೇಲೆ ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟು ಅಪ್ಪನಿಗೆ ತೋರಿಸಿ. ಗೆರೆ ನೇರವಾಗಿ ಮೇಲೇರದು. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಊರಿಗೆ ಬಿಟ್ಟುಬರುವ ಮಾತನ್ನು ಆ ಹಾಳೆ ನೋಡಿದ ಮೇಲೆ ತೀರ್ಮಾನಿಸೋಣ ಎಂದು ಕೇಳಿಕೊಳ್ಳಿ.

ಆ ನೋಟ್‌ಬುಕ್ಕಿನ ಒಂದು ಪ್ರತಿಯನ್ನು ನಮಗೂ ಕಳುಹಿಸಿ. ನಾಯಿ ಏನು ಕಲಿಯಿತು ಎಂಬುದರ ಜೊತೆಗೆ ನೀವು ಏನು ಕಲಿತಿರಿ ಎಂಬುದನ್ನೂ ಬರೆಯಿರಿ.